ಹತ್ತನೇ ಕ್ಲಾಸು ಅಂತ ಮಗನ ಆಟ ಬಿಡಿಸಿದೆವು, ತೂಕ ಏರಿದೆ

ಪ್ರಶ್ನೆ (ಕುಮಟಾದ ತಾಯಿ): ಜೂನ್‌ನಲ್ಲಿ ಮಗನ ವಾಲಿಬಾಲ್ ಬಿಡಿಸಿ ಟ್ಯೂಷನ್‌ಗೆ ಹಾಕಿದೆವು. ಈಗ 72 ಕೆಜಿ ಇದ್ದಾನೆ. ಮಾರ್ಕ್ಸೂ ಇಳಿದಿದೆ. ಬೆಳಗಿನ ತಿಂಡಿ ನಿಲ್ಲಿಸಿದರೆ ತೂಕ ಇಳಿಯುತ್ತಾ?

ಉತ್ತರ (ಆಹಾರ ತಜ್ಞೆ, ಕಾರವಾರ): ದಯವಿಟ್ಟು ತಿಂಡಿ ನಿಲ್ಲಿಸಬೇಡಿ. ಮೊದಲು ವಾಲಿಬಾಲ್ ವಾಪಸ್ ಕೊಡಿ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಂಥ ಓಡಾಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹತ್ತನೇ ಕ್ಲಾಸಿನವರಿಗೆ ಇದರಲ್ಲಿ ರಿಯಾಯಿತಿ ಇಲ್ಲ! ಆಡಿ ಬಂದ ಮಕ್ಕಳಿಗೆ ಓದಿನಲ್ಲಿ ಗಮನ ನಿಲ್ಲುವುದು ಸುಲಭ.

ಆದರೆ ಆಟ ಒಂದರಿಂದಲೇ ತೂಕ ಜಾಸ್ತಿ ಇಳಿಯಲ್ಲ. ಟ್ಯೂಷನ್ ಮುಗಿಸಿ ಬರುವಾಗ ಏನು ತಿನ್ನುತ್ತಾನೆ, ನೋಡಿ. ಬೇಕರಿಯ ಒಂದು ಪಫ್ಸ್, ಜೊತೆಗೆ 250 ಎಂಎಲ್ ಕೋಲಾ ಅಲ್ವಾ? ಆ ಕೋಲಾದಲ್ಲೇ ಸುಮಾರು ಆರು ಚಮಚ ಸಕ್ಕರೆ ಇರುತ್ತದೆ. ಅದರ ಬದಲು ಮಜ್ಜಿಗೆ, ಬೇಯಿಸಿದ ಶೇಂಗಾ ಕೊಡಿ. ಬಂಗುಡೆ ಬೇಡ ಅನ್ನಬೇಡಿ, ಫ್ರೈ ಕಡಿಮೆ ಮಾಡಿ ಸಾರು ಮಾಡಿ.

72 ಕೆಜಿ ಅಂದಷ್ಟಕ್ಕೇ ಜಾಸ್ತಿ ಅಂತ ಹೇಳಲು ಬರಲ್ಲ. ಎತ್ತರ ಬೇಕು. ಈ ವಯಸ್ಸಿಗೆ ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕ) ಲೆಕ್ಕ ಹೊಂದಲ್ಲ, ಬೇರೆ ಚಾರ್ಟ್ ಇದೆ. ಮಕ್ಕಳ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ.

ಪ್ರಶ್ನೆ (ಶಿರಸಿಯ ತಂದೆ): ಮಗಳು ಪಿಯುಸಿ. ದಪ್ಪ ಆಗ್ತೀನಿ ಅಂತ ರಾತ್ರಿ ಊಟ ಬಿಟ್ಟಿದ್ದಾಳೆ. ಕ್ಲಾಸಿನಲ್ಲಿ ತೂಕಡಿಸುತ್ತಾಳಂತೆ. ಈ ಮಳೆಯಲ್ಲಿ ವಾಕಿಂಗ್ ಹೇಗೆ?

ಉತ್ತರ: ವಾಕಿಂಗ್ ಆಮೇಲೆ. ಈ ವಾರವೇ ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ. ರಕ್ತ ಕಡಿಮೆ ಇದ್ದರೆ ಎಷ್ಟು ಹೊತ್ತು ಪುಸ್ತಕ ಹಿಡಿದು ಕೂತರೂ ತಲೆಗೆ ಹತ್ತಲ್ಲ. ಮುಟ್ಟು ತಪ್ಪುತ್ತಿದೆಯಾ ಅಂತ ಅವಳಮ್ಮ ಕೇಳಲಿ. ತಪ್ಪುತ್ತಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ. ನಿದ್ದೆ 8 ಗಂಟೆಗಿಂತ ಕಡಿಮೆ ಆಗಬಾರದು.

ರಾತ್ರಿ ಸ್ವಲ್ಪ ಅನ್ನ, ತೊವ್ವೆ, ಹರಿವೆ ಸೊಪ್ಪಿನ ಪಲ್ಯ ಸಾಕು. ಪಲ್ಯಕ್ಕೆ ನಿಂಬೆ ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಚಹಾ ಬೇಡ, ಒಂದು ಗಂಟೆ ಬಿಟ್ಟು ಕುಡಿಯಲಿ. ಮನೆಯಲ್ಲಿ ಯಾರೂ ಸುಮ್ನೆ ತಮಾಷೆಗೂ 'ಡುಮ್ಮಿ' ಅನ್ನಬಾರದು. ಊಟ ಬಿಡುವುದು ಎಷ್ಟೋ ಸಲ ಅಲ್ಲಿಂದಲೇ ಶುರುವಾಗುತ್ತದೆ. ಅವಳು ಸರಿಯಾಗಿ ಉಣ್ಣಲು ಶುರು ಮಾಡಿದ ಮೇಲೆ ಜಗುಲಿಯಲ್ಲೇ ಸ್ಕಿಪ್ಪಿಂಗ್ ಆಡಲಿ. ಯಕ್ಷಗಾನದ ಹೆಜ್ಜೆ ಕಲಿಯುವ ಆಸೆ ಇದ್ದರೆ ಖಂಡಿತ ಕಳಿಸಿ, ಅರ್ಧ ಗಂಟೆ ಕುಣಿದರೆ ಮೈಯೆಲ್ಲ ಬೆವರುತ್ತದೆ.