ಕಿಬ್ಬೊಟ್ಟೆ ನೋವು, ಬಿಳಿ ಹೋಗೋದು: ಪಿಐಡಿ ಅಂತ ಅನುಮಾನ ಯಾವಾಗ?

ಪ್ರಶ್ನೆ | ಆಶಾ ಕಾರ್ಯಕರ್ತೆ, ಮೂಡಿಗೆರೆ ತಾಲ್ಲೂಕು
ಕಾಫಿ ಕೊಯ್ಲು ಶುರುವಾದ್ರೆ ಲೈನ್ ಮನೆ ಹೆಂಗಸರು ಕಿಬ್ಬೊಟ್ಟೆ ನೋವನ್ನ ಮೂಟೆ ಹೊತ್ತಿದ್ದಕ್ಕೆ ಅಂತಾರೆ, ಬಿಳಿ ಹೋದ್ರೆ ಉಷ್ಣ ಅಂತಾರೆ. ಇದರಲ್ಲಿ ಗರ್ಭಕೋಶ, ಗರ್ಭನಾಳದ ಸೋಂಕು, ಅಂದ್ರೆ ಪಿಐಡಿ, ಯಾರಿಗಿರಬಹುದು ಅಂತ ಮನೆ ಹತ್ರವೇ ಹೇಗೆ ತಿಳ್ಕೊಳ್ಳೋದು?

ಉತ್ತರ | ಸ್ಟಾಫ್ ನರ್ಸ್, ಹಾಸನ
ಅಕ್ಕಾ, ಮೊದಲು ನೋವಿರೋ ಜಾಗ ಕೈಯಲ್ಲೇ ತೋರಿಸೋಕೆ ಹೇಳಿ. ಮೂಟೆ ಹೊತ್ತ ನೋವು ಬೆನ್ನು, ಸೊಂಟದಲ್ಲಿರುತ್ತೆ, ಬಗ್ಗಿದ್ರೆ ಜಾಸ್ತಿ, ಕೂತು ಸುಧಾರಿಸ್ಕೊಂಡ್ರೆ ಇಳಿಯುತ್ತೆ. ಸೋಂಕಿನ ನೋವು ಹೊಕ್ಕುಳ ಕೆಳಗೆ, ಹೆಚ್ಚಾಗಿ ಎರಡೂ ಪಕ್ಕ. ಎಷ್ಟೋ ಸಲ ಮುಟ್ಟಿನ ಹೊತ್ತಲ್ಲಿ ಇಲ್ಲಾ ಮುಗಿದ ವಾರದೊಳಗೆ ಶುರು.

ಉಳಿದದ್ದನ್ನ ಅತ್ತೆ, ಗಂಡ ಇಲ್ಲದಾಗ ಕೇಳಿ. ಸೇರಿದಾಗ ಒಳಗೆ ಆಳದಲ್ಲಿ ನೋವಾಗುತ್ತಾ? ಸೇರಿದ ಮೇಲೆ, ಅಥವಾ ಎರಡು ಮುಟ್ಟಿನ ನಡುವೆ ರಕ್ತ ಕಾಣುತ್ತಾ? ಬಿಳಿ ಹಳದಿಯಾಗಿ, ಕೆಟ್ಟ ವಾಸನೆ ಇದೆಯಾ? ಇತ್ತೀಚೆಗೆ ಹೆರಿಗೆ, ಗರ್ಭಪಾತ ಆಗಿದೆಯಾ? ಕಾಪರ್-ಟಿ ಹಾಕಿಸಿ 3 ವಾರದೊಳಗಿದ್ರೆ ಇನ್ನೂ ಗಮನ ಕೊಡಿ. ಬೆಳ್ಳಗೆ, ವಾಸನೆ ತುರಿಕೆ ಇಲ್ಲದೆ, ಮುಟ್ಟಿನ ನಡುವೆ ಸ್ವಲ್ಪ ಹೆಚ್ಚು ಹೋಗೋದು ಸಹಜ, ಅದಕ್ಕೆ ಹೆದರಿಸಬೇಡಿ.

ಜ್ವರ ಇಲ್ಲ ಅಂತ ಮಾತ್ರ ಬಿಟ್ಟುಬಿಡಬೇಡಿ. ಎಷ್ಟೋ ಜನಕ್ಕೆ ಜ್ವರವೇ ಬರಲ್ಲ, ನೋವೂ ಅಷ್ಟಿರಲ್ಲ, ಆದರೂ ನಾಳ ಒಳಗೊಳಗೇ ಅಂಟಿಕೊಳ್ತಾ ಹೋಗುತ್ತೆ. ಮುಂದೆ ಮಕ್ಕಳಾಗೋಕೆ ತೊಂದರೆ ಆಗೋದು ಅದರಿಂದಲೇ.

ಉತ್ತರ | ಸ್ತ್ರೀರೋಗ ವೈದ್ಯೆ, ಚಿಕ್ಕಮಗಳೂರು
ಸಿಸ್ಟರ್ ಕೇಳಿದ ಪ್ರಶ್ನೆಗಳಿಗಿಂತ ಮುಂಚೆ ಒಂದಿದೆ: ಮುಟ್ಟು ತಪ್ಪಿದೆಯಾ? ನಾಳದಲ್ಲಿ ಗರ್ಭ ನಿಂತರೂ ಇದೇ ನೋವು. ತಪ್ಪಿಲ್ಲ ಅಂದರೂ ಮೂತ್ರ ಪರೀಕ್ಷೆ ಮಾಡಿಸಿ. ನೋವಿನ ಜೊತೆ ತಲೆಸುತ್ತು, ಭುಜ ನೋವು ಬಂದರೆ ಕಾಯದೆ 108 ಕರೆಯಿರಿ.

ಒಳಪರೀಕ್ಷೆಯಲ್ಲಿ ಗರ್ಭಕೋಶದ ಕಂಠ ಅಲುಗಾಡಿಸಿದಾಗ ನೋವಾದರೆ ಚಿಕಿತ್ಸೆ ಶುರು ಮಾಡೋಕೆ ಅಷ್ಟೇ ಸಾಕು. ಸ್ಕ್ಯಾನ್ ನಾರ್ಮಲ್ ಬಂದರೂ ಸೋಂಕು ಇಲ್ಲ ಅಂತಲ್ಲ. ಬಾವು ಕಟ್ಟಿದೆಯಾ ಅಂತ ನೋಡೋಕೆ ಅದು ಬೇಕು. ಗರ್ಭಿಣಿಯಾಗಿದ್ದರೆ, ಜೋರು ಜ್ವರ ಇದ್ದರೆ, ಮಾತ್ರೆ ನಿಲ್ಲದಷ್ಟು ವಾಂತಿ ಇದ್ದರೆ ಅಡ್ಮಿಟ್ ಆಗಲೇಬೇಕು.

ಮರುಪ್ರಶ್ನೆ | ಆಶಾ ಕಾರ್ಯಕರ್ತೆ
ಮೇಡಂ, ಬಿಳಿ ಹೋಗೋದಕ್ಕೆ ಕೊಡೋ ಹಸಿರು ಕಿಟ್ (ಮಾತ್ರೆ ಪ್ಯಾಕೆಟ್) ಸಾಲಲ್ವಾ?

ಉತ್ತರ | ಸುರಕ್ಷಾ ಕ್ಲಿನಿಕ್ (ಲೈಂಗಿಕ ಸೋಂಕುಗಳ ಸರ್ಕಾರಿ ಕ್ಲಿನಿಕ್) ಆಪ್ತಸಮಾಲೋಚಕಿ, ಹಾಸನ
ಸಾಲಲ್ಲ. ಹಸಿರು ಅಂದ್ರೆ ಕಿಟ್ 2, ಅದು ಯೋನಿಯ ಸೋಂಕಿಗೆ. ಕಿಬ್ಬೊಟ್ಟೆ ನೋವಿದ್ದರೆ ಹಳದಿ ಬಣ್ಣದ ಕಿಟ್ 6: ಸೆಫಿಕ್ಸಿಮ್ 400 ಮಿ.ಗ್ರಾಂ ಒಂದೇ ಸಲ, ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ಮತ್ತು ಮೆಟ್ರೊನಿಡಜೋಲ್ 400 ಮಿ.ಗ್ರಾಂ ದಿನಕ್ಕೆರಡು ಸಲ, 14 ದಿನ. ಡಾಕ್ಟರ್ ನೋಡಿದ ಮೇಲೆಯೇ ಇದು, ಗರ್ಭಿಣಿಗೆ ಕೊಡೋ ಹಾಗಿಲ್ಲ.

ತಪ್ಪೋದು ಎರಡು ಕಡೆ. ನಾಲ್ಕನೇ ದಿನಕ್ಕೆ ನೋವು ಹೋಯ್ತು ಅಂತ ಮಾತ್ರೆ ನಿಲ್ಲಿಸ್ತಾರೆ. ಡಾಕ್ಸಿ ಖಾಲಿ ಹೊಟ್ಟೆಗೆ ನುಂಗಿ ಮಲಗಿದ್ರೆ ಎದೆ ಉರಿಯುತ್ತೆ, ಅದಕ್ಕೂ ಬಿಡ್ತಾರೆ. ಊಟ ಆದ್ಮೇಲೆ ದೊಡ್ಡ ಲೋಟ ನೀರಲ್ಲಿ ನುಂಗಿ ಅರ್ಧ ಗಂಟೆ ಕೂತಿರಲಿ. ಎರಡನೇದು ಗಂಡ. ಕಳೆದ 2 ತಿಂಗಳ ಸಂಗಾತಿಗೂ ಬೂದು ಬಣ್ಣದ ಕಿಟ್ 1 ಕೊಡಿಸದಿದ್ರೆ ಸೋಂಕು ಮತ್ತೆ ಅವಳಿಗೇ ಬರುತ್ತೆ. ಇಬ್ಬರದೂ ಮುಗಿಯೋವರೆಗೆ ಸೇರೋದು ಬೇಡ.

ಮಾತ್ರೆ ಶುರುವಾಗಿ 3 ದಿನಕ್ಕೆ ನೀವೇ ಹೋಗಿ ಕೇಳಿ. ನೋವು ಇಳಿದಿಲ್ಲ ಅಂದ್ರೆ ಅವತ್ತೇ ಜಿಲ್ಲಾಸ್ಪತ್ರೆಗೆ ಕಳಿಸಿ.