ಕುಳಿತೇ ಮಾಡುವ ಕೆಲಸ, ಅದಕ್ಕೆ ತೆತ್ತ ದುಡ್ಡು: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ: ನನಗೆ 41 ವರ್ಷ. ಬೆಂಗಳೂರಿನ ಲೆಕ್ಕಪತ್ರ ಕಚೇರಿಯೊಂದರಲ್ಲಿ ದಿನಕ್ಕೆ ಹತ್ತು ಗಂಟೆ ಕುಳಿತು ಕೆಲಸ ಮಾಡುತ್ತೇನೆ. ಈ ಸಲ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6.2 ಬಂದಿದೆ, ಅಂದರೆ ಮಧುಮೇಹದ ಹೊಸ್ತಿಲು. ವರ್ಷಕ್ಕೆ 22,000 ರೂಪಾಯಿ ಕಟ್ಟಿ ಜಿಮ್ ಸೇರುವುದು ದುಂದುವೆಚ್ಚವೆಂದು ಮನೆಯವರು ಹೇಳುತ್ತಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯ ಬ್ಯಾಂಕ್ ನೌಕರ: ದುಂದುವೆಚ್ಚ ಯಾವುದೆಂದು ನನ್ನನ್ನು ಕೇಳಿ. ಹದಿನಾಲ್ಕು ವರ್ಷ ಕೌಂಟರಿನಲ್ಲಿ ಕುಳಿತ ಮೇಲೆ, 2022ರ ಮಾರ್ಚ್‌ನಲ್ಲಿ, ವರ್ಷಾಂತ್ಯದ ಲೆಕ್ಕದ ನಡುವೆಯೇ ನನ್ನ ಸೊಂಟದ ಡಿಸ್ಕ್ ಜಾರಿತು. ಎಂಆರ್‌ಐಗೆ 7,500, ಇಪ್ಪತ್ತನಾಲ್ಕು ಸಲದ ಫಿಸಿಯೋಥೆರಪಿಗೆ ತಲಾ 600ರಂತೆ 14,400, ಸೊಂಟದ ಬೆಲ್ಟಿಗೆ 1,350. ಆಸ್ಪತ್ರೆಗೆ ದಾಖಲಾಗದ ಕಾರಣ ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ಉಳಿದಿದ್ದ 19 ದಿನಗಳ ರಜೆ ಮುಗಿದು, ಮುಂದಿನ 11 ದಿನಗಳ ಸಂಬಳವೂ ಕಡಿತವಾಯಿತು. ಬಗ್ಗಲಾಗದ ನನಗೆ ನಾಲ್ಕನೆಯ ತರಗತಿಯ ಮಗಳು ಬೂಟಿನ ಲೇಸು ಕಟ್ಟಿ ಕಳುಹಿಸುತ್ತಿದ್ದಳು. ದಾರಿಯಲ್ಲಿ ಅದು ಬಿಚ್ಚಿಕೊಂಡರೆ ಸಂಜೆಯವರೆಗೂ ಹಾಗೆಯೇ ಇರುತ್ತಿದ್ದೆ.

ಮೈಸೂರಿನ ಸರ್ಕಾರಿ ನೌಕರ: ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ. ಆರು ವರ್ಷಗಳಿಂದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಐದೂವರೆಗೆ ನಡೆಯುತ್ತಿದ್ದೇನೆ. ಹತ್ತು ತಿಂಗಳಿಗೊಮ್ಮೆ 3,200 ರೂಪಾಯಿಯ ಬೂಟು ಬಿಟ್ಟರೆ ಬೇರೆ ಖರ್ಚಿಲ್ಲ, ಒಂದು ಮಾತ್ರೆಯೂ ಇಲ್ಲ. ಸಮಯವಿಲ್ಲ ಎನ್ನುವವರಿಗೆ ಇಲ್ಲದಿರುವುದು ಮನಸ್ಸು.

ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿ: ಸರ್, ನೀವು ಕೆರೆಯ ಏರಿಯ ಮೇಲಿರುವಾಗ ನಿಮ್ಮ ಮನೆಯಲ್ಲಿ ಒಲೆಯ ಮುಂದೆ ಯಾರಿರುತ್ತಾರೆ? ನಾನು 18,000 ಕಟ್ಟಿ ಜಿಮ್ ಸೇರಿ, ವರ್ಷದಲ್ಲಿ ಹೋಗಲು ಸಾಧ್ಯವಾದದ್ದು 31 ದಿನ, ಅಂದರೆ ದಿನವೊಂದಕ್ಕೆ ಸುಮಾರು 580 ರೂಪಾಯಿ. ತಿಂಡಿ, ಎರಡು ಡಬ್ಬಿ, ಹೋಗಿಬರಲು ಮೂರು ಗಂಟೆಯ ಬಸ್ಸು. 38ಕ್ಕೆ ಸಕ್ಕರೆ ಕಾಯಿಲೆ ಬಂತು. ಈಗ ಮಾತ್ರೆ, ಸಕ್ಕರೆ ಪರೀಕ್ಷಿಸುವ ಸ್ಟ್ರಿಪ್ಪು ಸೇರಿ ತಿಂಗಳಿಗೆ 2,300. ನನಗೆ ಮನಸ್ಸಿರಲಿಲ್ಲ ಎಂದು ದಯವಿಟ್ಟು ಹೇಳಬೇಡಿ.

ಮೈಸೂರಿನ ಸರ್ಕಾರಿ ನೌಕರ: ಮೇಡಂ, ನನ್ನ ಮನೆಯ ವಿಚಾರ ಇಲ್ಲಿ ಅಪ್ರಸ್ತುತ.

ಧಾರವಾಡದ ಅರ್ಥಶಾಸ್ತ್ರ ಉಪನ್ಯಾಸಕಿ: ಅಪ್ರಸ್ತುತವಲ್ಲ, ಇದರ ಖರ್ಚು ಮನೆಗಳ ಮೇಲೂ ಬೀಳುತ್ತದೆ. 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವು 2013ರ ಒಂದೇ ವರ್ಷದಲ್ಲಿ ದೈಹಿಕ ನಿಷ್ಕ್ರಿಯತೆಯಿಂದ ಜಗತ್ತಿಗಾದ ಹೊರೆಯನ್ನು 6,750 ಕೋಟಿ ಅಂತರರಾಷ್ಟ್ರೀಯ ಡಾಲರ್ (ದೇಶದೇಶಗಳ ಬೆಲೆ ವ್ಯತ್ಯಾಸ ಸರಿಹೊಂದಿಸಿದ ಲೆಕ್ಕದ ಡಾಲರ್) ಎಂದು ಅಂದಾಜಿಸಿತು. ಅದರಲ್ಲಿ ಚಿಕಿತ್ಸೆಯ ಪಾಲು 5,380 ಕೋಟಿ. ಆ ಪಾಲಿನಲ್ಲಿ 970 ಕೋಟಿಯನ್ನು ಕುಟುಂಬಗಳೇ ಕೈಯಿಂದ ತೆತ್ತಿವೆ. ಒಟ್ಟು ಹೊರೆಯಲ್ಲಿ ಉಳಿದ 1,370 ಕೋಟಿ ಅಕಾಲ ಮರಣದಿಂದಾದ ಉತ್ಪಾದನಾ ನಷ್ಟ. ಹೃದ್ರೋಗ, ಪಾರ್ಶ್ವವಾಯು, ಮಧುಮೇಹ, ಸ್ತನ ಮತ್ತು ಕರುಳಿನ ಕ್ಯಾನ್ಸರ್ ಮಾತ್ರ ಈ ಲೆಕ್ಕದಲ್ಲಿವೆ.

ಹುಬ್ಬಳ್ಳಿಯ ಬ್ಯಾಂಕ್ ನೌಕರ: ಹಾಗಾದರೆ ನನ್ನ ಬೆನ್ನು, ನನ್ನ ಮೂವತ್ತು ದಿನ ಯಾರ ಲೆಕ್ಕದಲ್ಲೂ ಇಲ್ಲವೇ?

ಧಾರವಾಡದ ಅರ್ಥಶಾಸ್ತ್ರ ಉಪನ್ಯಾಸಕಿ: ಇಲ್ಲ. ಆ ಅಂದಾಜು ವಾಸ್ತವಕ್ಕಿಂತ ಕಡಿಮೆಯೆಂದು ನಾನು ಹೇಳುವುದು ಅದಕ್ಕಾಗಿಯೇ.

ಮೈಸೂರಿನ ಸರ್ಕಾರಿ ನೌಕರ: ಅಂಕಿ ಅಂಶ ಓದಿದರೆ ಯಾರ ಸಕ್ಕರೆಯೂ ಇಳಿಯುವುದಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿ: ನನ್ನದು ಇಳಿದದ್ದು ಜಿಮ್ಮಿನಿಂದಲೂ ಅಲ್ಲ, ನಿಮ್ಮ ಉಪದೇಶದಿಂದಲೂ ಅಲ್ಲ. ಕಳೆದ ಯುಗಾದಿಯಿಂದ ಮಂಗಳವಾರ, ಗುರುವಾರ, ಶನಿವಾರ ನಮ್ಮ ಯಜಮಾನರು ತಿಂಡಿ ಮಾಡಿ ಡಬ್ಬಿ ಕಟ್ಟುತ್ತಾರೆ. ಆ ಮೂರು ದಿನ ನಾನು ನಡೆಯುತ್ತೇನೆ.