ಲಂಟಾನ ಕೀಳೋ ಕೆಲಸಕ್ಕೆ ಮೂರು ತಿಂಗಳು ಹೋಗಲಾ? ಮಾಡಿದೋರು ಇದ್ರೆ ಹೇಳಿ

ಶರಾವತಿ ದಂಡೆ:
ನಮಸ್ಕಾರ. ನಮ್ಮೂರು ಸಾಗರ ತಾಲ್ಲೂಕು. ಬಿಎಸ್ಸಿ ಮುಗಿಸಿ ಐದು ತಿಂಗಳಿಂದ ಮನೇಲೇ ಇದ್ದೀನಿ. ಘಟ್ಟದ ಒಂದು ಅಭಯಾರಣ್ಯದಲ್ಲಿ ಲಂಟಾನ, ಯುಪಟೋರಿಯಂ ಅನ್ನೋ ಹೊರಗಿಂದ ಬಂದ ಕಳೆಗಿಡ ತೆಗೆಯೋ ಕೆಲಸಕ್ಕೆ ಸ್ವಯಂಸೇವಕರನ್ನ ಕರೆದಿದ್ದಾರೆ, ಜನವರಿಯಿಂದ ಮಾರ್ಚ್ ಕೊನೆ ತನಕ. ಊಟ ವಸತಿ ಅವರದ್ದೇ, ಕೈಖರ್ಚಿಗೂ ಒಂಚೂರು ಕೊಡ್ತಾರಂತೆ. ಹೆಸರು ಕೊಟ್ಟಾಗಿದೆ, ಮನೇಲಿ ಒಪ್ಪಿಲ್ಲ. ಅಮ್ಮನಿಗೆ ಮಂಗನ ಕಾಯಿಲೆ ಭಯ. ಅಪ್ಪನದ್ದು ಬೇರೆ ರಾಗ: "ತೋಟದ ಕಳೆ ಕೀಳು ಅಂದ್ರೆ ಸೊಂಟ ನೋವು ಅನ್ನೋಳು ಕಾಡಿನ ಕಳೆ ಕೀಳ್ತಾಳಂತೆ" ಅಂತ ಮನೆಗೆ ಬಂದೋರಿಗೆಲ್ಲ ಹೇಳ್ಕೊಂಡು ನಗ್ತಾರೆ.

ನಿಜವಾಗಿ ಕೆಲಸ ಹೇಗಿರುತ್ತೆ? ಕಿತ್ತಿದ್ದರಿಂದ ಏನಾದ್ರೂ ಉಪಯೋಗ ಆಗುತ್ತಾ, ಅಥವಾ ಫೋಟೋಕ್ಕೆ ಮಾತ್ರಾನಾ?

ಹಿನ್ನೀರು:
ಹೋಗಿ. ಆದ್ರೆ ಹೊರಡೋ ಮೊದ್ಲು ಅವರಿಗೆ ಫೋನ್ ಮಾಡಿ ಒಂದು ಮಾತು ಕೇಳ್ಬೇಕು, ಅದನ್ನ ಆಮೇಲೆ ಹೇಳ್ತೀನಿ.

ನಾನೂ ಹೀಗೇ ಒಂದು ಕಡೆ ಹೋಗಿದ್ದೆ, ಎಲ್ಲಿ ಅನ್ನೋದು ಬೇಡ. ಮೊದಲ ದಿನ ಕೈಗೆ ಕತ್ತಿ ಸಿಕ್ಕಿದ್ದೇ ತಡ, ಮಧ್ಯಾಹ್ನದೊಳಗೆ ಮನೆ ಅಂಗಳದಷ್ಟು ಜಾಗ ಬಯಲು ಮಾಡಿ ಹಾಕಿದೆ. ಎಲ್ಲಾ ಮೊಣಕಾಲೆತ್ತರಕ್ಕೆ ಸವರಿದ್ದು. ಜೊತೆಗಿದ್ದ ವಾಚರ್ ಅಣ್ಣ ಬೀಡಿ ಆರಿಸಿ ಬಂದು ನೋಡಿ, "ಕಟಿಂಗ್ ಚೆನ್ನಾಗಿ ಮಾಡಿದ್ದೀರಿ, ಗಡ್ಡಾನೂ ತೆಗೀತೀರಾ?" ಅಂದ್ರು. ಆಗ ಅರ್ಥ ಆಗ್ಲಿಲ್ಲ. ಮಳೆ ಬಿದ್ದ ಮೇಲೆ ಹೋಗಿ ನೋಡ್ತೀನಿ, ನಾನು ಕಡಿದ ಒಂದು ಮೋಟಿನಲ್ಲಿ ಹನ್ನೊಂದು ಚಿಗುರು. ಮೊದ್ಲು ಇದ್ದಿದ್ದು ಮೂರೇ ಕವಲು!

ಲಂಟಾನದ ಜೀವ ಇರೋದು ನೆಲದ ಮಟ್ಟದ ಬುಡದ ಗಂಟಲ್ಲಿ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ಹೇಳಿಕೊಟ್ಟ ಕ್ರಮ ಒಂದಿದೆ. ಮಣ್ಣಿನ ಮಟ್ಟದಿಂದ 3–5 ಸೆಂ.ಮೀ. ಕೆಳಗೆ ತಾಯಿಬೇರು ಕಡಿದು, ಇಡೀ ಪೊದೆಯನ್ನ ಎತ್ತಿ ಬೇರು ಮೇಲಾಗಿ ಮಗುಚಿಡೋದು. ಬೇರಿಗೆ ಮಣ್ಣು ತಾಗಬಾರದು. ಓದೋಕೆ ಎರಡೇ ಸಾಲು. ಜನವರಿಯಲ್ಲಿ ಜಂಬಿಟ್ಟಿಗೆ ನೆಲಕ್ಕೆ ಗುದ್ದಲಿ ಹಾಕಿದ್ರೆ ಠಣ್ ಅಂತ ಕೈಗೇ ವಾಪಸ್ ಬರುತ್ತೆ. ಪಿಕಾಸಿ ಇದೆಯಾ ಕೇಳಿ. ಹೊಲಿಗೆ ಹಾಕಿದ ಚರ್ಮದ ಗ್ಲೌಸ್ ನೀವೇ ಒಯ್ಯಿರಿ, ಅವರು ಕೊಡೋ ಬಟ್ಟೆ ಗ್ಲೌಸಿನೊಳಗೆ ಮುಳ್ಳು ದಾರಿ ಕೇಳದೆ ಬರ್ತವೆ. ಹಣ್ಣಿರೋ ಗೆಲ್ಲುಗಳನ್ನ ಎಳ್ಕೊಂಡು ಹೋಗ್ಬೇಡಿ, ಹೋದ ದಾರಿಯೆಲ್ಲ ಬೀಜ.

ಈಗ ಆ ಮಾತು. ಕಿತ್ತ ಜಾಗಕ್ಕೆ ಬಿಸಿಲು ಬೀಳುತ್ತಲ್ಲ, ಜೂನ್ ಮಳೆಗೆ ಮಣ್ಣೊಳಗಿನ ಬೀಜ ಎಲ್ಲಾ ಒಟ್ಟಿಗೆ ಏಳುತ್ತೆ. ಅಗೆ ಹಾಕಿದ ಹಾಗೆ ಹಸಿರು. ದೊಡ್ಡ ಮರದ ಬುಡದಲ್ಲಂತೂ ಕಾಲಿಡೋಕೆ ಜಾಗ ಇರಲ್ಲ, ಪಿಕಳಾರ ಹಕ್ಕಿ ಲಂಟಾನ ಹಣ್ಣು ತಿಂದು ಅದೇ ಕೊಂಬೇಲಿ ಕೂತು ಉದುರಿಸಿರುತ್ತಲ್ಲ. ಆ ಸಸಿ ಎರಡು ಬೆರಳಲ್ಲಿ ಹಿಡಿದ್ರೆ ಬೇರು ಸಮೇತ ಬರುತ್ತೆ, ಸಣ್ಣ ಮಕ್ಕಳೂ ಕೀಳಬಹುದು. ಲಂಟಾನದ ಕಾಂಡ ಬೆರಳಲ್ಲಿ ಹೊರಳಿಸಿದ್ರೆ ಚೌಕ ಗೊತ್ತಾಗುತ್ತೆ, ಎಲೆ ಉಜ್ಜಿದ್ರೆ ಆ ನಾತ. ಎಲೆ ಮೇಲೆ ತ್ರಿಶೂಲದ ಹಾಗೆ ಮೂರು ನರ ಕಂಡ್ರೆ ಅದು ಯುಪಟೋರಿಯಂ. ಅದೇ ಸಸಿಯನ್ನ ಮರುವರ್ಷಕ್ಕೆ ಬಿಟ್ರೆ ಮತ್ತೆ ಪಿಕಾಸಿ ಬೇಕು.

ನಮ್ಮ ಕಾರ್ಯಕ್ರಮವೂ ಮಾರ್ಚ್‌ಗೇ ಮುಗಿದಿತ್ತು. ಬ್ಯಾನರ್ ಹಿಡಿದು ಫೋಟೋ, ಸರ್ಟಿಫಿಕೇಟು, ಕೇಸರಿಬಾತು. ಜೂನ್‌ನಲ್ಲಿ ಯಾರೂ ಇಲ್ಲ. ಕಿತ್ತ ಜಾಗದಲ್ಲಿ ಮುಕ್ಕಾಲು ಪಾಲು ಮತ್ತೆ ಮುಚ್ಚಿಕೊಂಡಿತು, ಲಂಟಾನ ಹೋದಲ್ಲಿ ಯುಪಟೋರಿಯಂ. ವಾಚರ್ ಅಣ್ಣನ ಶಿಬಿರದ ಪಕ್ಕ ಒಂದು ತುಂಡು ಮಾತ್ರ ಉಳಿಯಿತು, ಅವರು ಗಸ್ತಿಗೆ ಹೋಗಿ ಬರ್ತಾ ಕೀಳ್ತಿದ್ರು. ಸೆಪ್ಟೆಂಬರ್‌ನಲ್ಲಿ ನೋಡಿದಾಗ ಅಲ್ಲಿ ಮೊಣಕಾಲುದ್ದ ಹುಲ್ಲು, ನಡುವೆ ಕಾಟಿ (ಕಾಡುಕೋಣ) ಸಗಣಿ, ಇನ್ನೂ ಹಸಿ.

ಅದಕ್ಕೇ ಫೋನ್ ಮಾಡಿ ಕೇಳಿ: ಜೂನ್‌ನಲ್ಲಿ ಯಾರು ಬರ್ತಾರೆ?

ತೀರ್ಥಹಳ್ಳಿ ತೋಟ:
ತಂಗೀ, ಅಮ್ಮನ ಭಯ ತಮಾಷೆ ಅಲ್ಲ. ಮಂಗನ ಕಾಯಿಲೆ 1957ರಲ್ಲಿ ಗೊತ್ತಾಗಿದ್ದೇ ಸೊರಬದ ಕ್ಯಾಸನೂರಿನಲ್ಲಿ. ನೀನು ಹೋಗೋ ಮೂರು ತಿಂಗಳು ಅದನ್ನ ಹರಡೋ ಉಣುಗಿನ ಮರಿ ಜಾಸ್ತಿ ಇರೋ ಕಾಲವೇ. ಹಳೆ ಲಸಿಕೆ 2022ರಲ್ಲೇ ನಿಲ್ಲಿಸಿದ್ರು. ಆರೋಗ್ಯ ಇಲಾಖೆಯೋರು ಕೊಡೋ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚದೆ ಕಾಡಿಗೆ ಇಳೀಬೇಡ. ಪ್ಯಾಂಟಿನ ತುದಿ ಕಾಲುಚೀಲದೊಳಗೆ ತುರುಕು. ದರಗಿನ (ಒಣಗಿದ ಎಲೆ) ಮೇಲೆ ಕೂತು ಬುತ್ತಿ ಬಿಚ್ಚಬೇಡ. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆಗೂ ಬಿಸಿನೀರು. ಮಂಗ ಸತ್ತಿದ್ದು ಕಂಡ್ರೆ ಹತ್ತಿರ ಹೋಗದೆ ತಿಳಿಸು. ಜ್ವರ ಬಂದ್ರೆ ಡಾಕ್ಟರಿಗೆ ಮೊದಲ ಮಾತೇ ಕಾಡಲ್ಲಿದ್ದೆ ಅನ್ನೋದಾಗಿರಲಿ.

ಇನ್ನೊಂದು. ಅಭಯಾರಣ್ಯದ ತನಕ ಯಾಕೆ ಹೋಗ್ಬೇಕು? ತೋಟಕ್ಕೆ ಸೊಪ್ಪು ತರೋ ನಮ್ಮ ಸೊಪ್ಪಿನಬೆಟ್ಟಕ್ಕೆ ಬಾ, ಯುಪಟೋರಿಯಂ ಆಳೆತ್ತರ ಇದೆ. ಹೂ ಬಿಡೋ ಮುಂಚೆ ಕೊಯ್ದು ಅಡಿಕೆ ಬುಡಕ್ಕೆ ಹಾಕಿದ್ರೆ ಒಳ್ಳೆ ಗೊಬ್ಬರ. ಊಟಕ್ಕೆ ಕೊಟ್ಟೆಕಡುಬು ಗ್ಯಾರಂಟಿ.

ಹಿನ್ನೀರು:
ಉಣುಗಿನ ವಿಷಯ ನಾನೇ ಮೊದ್ಲು ಬರೀಬೇಕಿತ್ತು, ಮರೆತೆ. ಸೊಪ್ಪಿನಬೆಟ್ಟದ ಮಾತೂ ಸರಿ. ಅಲ್ಲಿ ಯಜಮಾನ್ರು ಜೂನ್‌ನಲ್ಲೂ ಇರ್ತಾರೆ, ಅದು ದೊಡ್ಡ ವ್ಯತ್ಯಾಸ. ಅಭಯಾರಣ್ಯದೊಳಗೆ ನಾವಾಗಿ ಹೋಗಿ ಕೀಳೋ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಕಳೆನೇ ಆಗ್ಲಿ, ಅನುಮತಿ ಬೇಕು.

ಶರಾವತಿ ದಂಡೆ:
ಫೋನ್ ಮಾಡಿದ್ದೆ. ಜೂನ್‌ನಲ್ಲಿ ಯಾರು ಅಂದಿದ್ದಕ್ಕೆ ಆ ಕಡೆಯೋರು ಸ್ವಲ್ಪ ಹೊತ್ತು ಸುಮ್ಮನಾಗಿ, "ಮುಂದಿನ ಬ್ಯಾಚ್ ಮತ್ತೆ ಜನವರಿಗೆ" ಅಂದ್ರು. ಹಾಗಾದ್ರೆ ನಾನು ಮಳೆಗಾಲದಲ್ಲಿ ಹತ್ತು ದಿನ ಬರ್ತೀನಿ, ನಾನು ಕಿತ್ತ ಜಾಗ ನನಗೇ ಕೊಡಿ, ಅನುಮತಿ ಮಾಡಿಸಿ ಅಂದೆ. ಮೇಲಿನೋರ ಹತ್ರ ಕೇಳಿ ಹೇಳ್ತೀವಿ ಅಂದಿದ್ರು, ಇವತ್ತು ಹ್ಞೂಂ ಅಂತ ಮೆಸೇಜ್ ಬಂತು. ಆದ್ರೆ ಇಂಬಳ (ಜಿಗಣೆ) ವಿಪರೀತ, ಆಮೇಲೆ ದೂರಬೇಡಿ ಅಂತಾನೂ ಬರೆದಿದ್ದಾರೆ.

ಅಪ್ಪ ಪಿಕಾಸಿಗೆ ಹೊಸ ಕಾವು ಹಾಕಿಸ್ಕೊಂಡು ಬಂದಿದ್ದಾರೆ. ಏನೂ ಹೇಳ್ಲಿಲ್ಲ, ಜಗಲೀಲಿ ಇಟ್ಟು ಒಳಗೆ ಹೋದ್ರು.

ಹಿನ್ನೀರು:
ಇಂಬಳಕ್ಕೆ ಹೊಗೆಸೊಪ್ಪು ನೆನೆಸಿದ ನೀರಿಗೆ ಸುಣ್ಣ ಕಲಸಿ ಕಾಲುಚೀಲದ ಹೊರಗಡೆ ಬಳ್ಕೊಳ್ಳಿ, ಬರಿಗಾಲಿಗೆ ಬೇಡ, ಉರಿಯುತ್ತೆ. ಮಳೇಲಿ ತೊಳ್ಕೊಂಡು ಹೋಗುತ್ತೆ, ಮಧ್ಯಾಹ್ನ ಇನ್ನೊಂದ್ಸಲ.